ಮದರಬಿಯ ಎಡಗಾಲ ಹೆಬ್ಬೆರಳು

ಸೂಡಿ ಊರಿನ ಒಂದು ಮನೆಯ ಹಿತ್ತಲಲ್ಲಿ ಹಗ್ಗ ಕಟ್ಟಿ, ಹಳೆಯ ಸೀರೆಗಳನ್ನು ಇಳಿಬಿಟ್ಟು ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ಆ ಮನೆಯ ಹಿರಿಯ ಸೊಸೆಯ ಮಯ್ಯತ್, ಹೆಣ. ಬಾರಿಹಣ್ಣಿನ ಗಿಡದ ಎಲೆ ಹಾಕಿ ಕುದಿಸಿ ಆರಿಸಿದ ನೀರು ಹಂಡೆಯಲ್ಲಿ ಇನ್ನೂ ಹಬೆಯಾಡುತ್ತಿತ್ತು. ಕೊನೆಯ ಸ್ನಾನ ಮಾಡಿಸಲು ಗಜೇಂದ್ರಗಡದಿಂದ ಕರೆಸಿಕೊಂಡ ಮದರಬಿ ಬಲಮಗ್ಗುಲು ತೊಳೆದು ಮುಗಿಸಿದ್ದಳು. ಎಡಮಗ್ಗುಲಿಗೆ ನೀರು ಹಾಕಲು ತಂಬಿಗೆ ಎತ್ತಿದಳು. ಅಷ್ಟರಲ್ಲಿ ಕಿಬ್ಬೊಟ್ಟೆ ಹಿಂಡತೊಡಗಿತು.

ಅದು ಬಂತೆಂದರೆ ಮಾತು ಕೇಳುವುದಿಲ್ಲ. ಮನೆಯಿಂದ ಹೊರಡುವಾಗ ಒಂದು ಸಲ, ಇಲ್ಲಿ ಬಂದು ಇಳಿದ ಮೇಲೆ ಒಂದು ಸಲ ಒಂದಕ್ಕೆ ಹೋಗಿ ಬಂದಿದ್ದಳು. ಬೆಳಗಿನಿಂದ ಅರ್ಧ ಕಪ್ ಚಹಾ ಬಿಟ್ಟರೆ ಗಂಟಲಿಗೆ ಏನೂ ಇಳಿಸಿರಲಿಲ್ಲ. ಆದರೂ ಬಂತು. ಹಲ್ಲು ಕಚ್ಚಿ ನಿಂತಳು, ತೊಡೆಗೆ ತೊಡೆ ಒತ್ತಿದಳು. ಆಗಲಿಲ್ಲ. ತಂಬಿಗೆಯನ್ನು ಹಂಡೆಯ ಅಂಚಿಗಿಟ್ಟು, ಸೀರೆಯ ಮರೆ ಸರಿಸಿ, ಜನರ ನಡುವೆ ತಲೆ ತಗ್ಗಿಸಿ ಓಡಿದಳು.

ಕೈಕಾಲು ತೊಳೆದು, ನಮಾಜಿಗೆ ಮೊದಲು ಶುದ್ಧವಾಗುವ ಹಾಗೆ ಮತ್ತೆ ವಜೂ ಮಾಡಿ ಬರುವಷ್ಟರಲ್ಲಿ ಬೇರೊಬ್ಬಳು ತಂಬಿಗೆ ಹಿಡಿದು ನೀರು ಹಾಕುತ್ತಿದ್ದಳು. ಮರೆಯ ಆಚೆ ಗೋಡೆಗೆ ಒರಗಿ ಕುಳಿತಿದ್ದ ಮುದುಕಿಯೊಬ್ಬಳು ಪಕ್ಕದವಳಿಗೆ ಹೇಳಿದ್ದು ಚೆನ್ನಾಗಿಯೇ ಕೇಳಿಸಿತು.

"ಜೀವ ಹೋದಾಕಿ ಸುಮ್ನ ಕಾಯಾಕತ್ತಾಳ. ಜೀವ ಇದ್ದಾಕಿಗೆ ಕಾಯಾಕ ಆಗವಲ್ದು."

ಮದರಬಿಗೆ ಆಗ ಐವತ್ತೆಂಟು. ಗಜೇಂದ್ರಗಡದ ಪೇಟೆಯ ಹಿಂದಿನ ಓಣಿಯಲ್ಲಿ ಅವಳ ಮನೆ. ಗಂಡ ಮೆಹಬೂಬಸುಭಾನಿ ಸ್ಟೋವು, ಕುಕ್ಕರು ರಿಪೇರಿ ಮಾಡುತ್ತಾನೆ. ಅವಳು ಲಂಗ ಹೊಲಿಯುತ್ತಾಳೆ, ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಅದು ಹೊಟ್ಟೆಯ ಕೆಲಸ. ಹೆಣ್ಣುಮಕ್ಕಳ ಮಯ್ಯತ್‌ಗೆ ಗುಸಲ್ ಮಾಡಿಸುವುದು, ಅಂದರೆ ಕೊನೆಯ ಸ್ನಾನ ಮಾಡಿಸಿ ಕಫನ್ ಎಂಬ ಬಿಳಿಬಟ್ಟೆ ತೊಡಿಸುವುದು, ಹೊಟ್ಟೆಯ ಕೆಲಸವಲ್ಲ. ಅದಕ್ಕೆ ಅವಳು ಒಂದು ರೂಪಾಯಿಯನ್ನೂ ಮುಟ್ಟುವುದಿಲ್ಲ. ಸೂಡಿ, ಮುಶಿಗೇರಿ, ಸುತ್ತಲಿನ ಯಾವ ಊರಿನಿಂದ ಕರೆ ಬಂದರೂ ಹೊಲಿಗೆ ಮಿಷಿನ್ನಿಗೆ ಬಟ್ಟೆ ಮುಚ್ಚಿ ಏಳುತ್ತಾಳೆ.

ಕಲಿಸಿದವಳು ಸೈರಾಬಾನು. ಮೂರು ಮನೆ ಆಚೆಗಿನವಳು, ಮದರಬಿಗೆ ದೂರದ ಸಂಬಂಧದಲ್ಲಿ ಖಾಲಾ, ಚಿಕ್ಕಮ್ಮ. ನೀರಿನ ಬಿಸಿಯನ್ನು ಮೊಣಕೈಯಿಂದ ನೋಡಬೇಕೆಂದು ಹೇಳಿಕೊಟ್ಟವಳು, ಮೈ ಕಾಣದ ಹಾಗೆ ಹೊದಿಕೆಯ ಒಳಗೇ ಕೈ ಆಡಿಸುವುದನ್ನು ತೋರಿಸಿದವಳು. ಬೆನ್ನಿಗೆ ಕೈಕೊಟ್ಟು ಅರ್ಧ ಎಬ್ಬಿಸಿ, ಹೊಟ್ಟೆಯನ್ನು ಮೇಲಿನಿಂದ ಕೆಳಗೆ ಹಗುರವಾಗಿ ಒತ್ತಿ, ಒಳಗೆ ಉಳಿದಿದ್ದು ಹೋಗುವಂತೆ ಮಾಡುವುದನ್ನೂ ಕಲಿಸಿದಳು. "ಕೂಸಿನ ಹೊಟ್ಟಿ ಒತ್ತಿದಂಗ ಒತ್ತಬೇಕು. ನೋವ ಆಗೂದಿಲ್ಲ ಅಂತ ತಿಳಕೋಬ್ಯಾಡ" ಎನ್ನುತ್ತಿದ್ದಳು. ಎಲ್ಲಕ್ಕಿಂತ ಮೇಲೆ ಒಂದು ಕಟ್ಟಳೆ ಹಾಕಿದ್ದಳು: ಮೊದಲ ತಂಬಿಗೆ ಎತ್ತಿದವಳು ಕಫನ್ನಿನಲ್ಲಿ ಮುಖ ಮುಚ್ಚುವ ತನಕ ಅಲ್ಲಿಂದ ಕದಲಬಾರದು. ಅದು ಧರ್ಮದ ಕಟ್ಟಳೆಯೋ ಸೈರಾಬಾನುವಿನ ಸ್ವಂತದ್ದೋ, ಆ ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಎಲ್ಲರೂ ನಡೆಸಿಕೊಂಡು ಬಂದಿದ್ದರು.

ಆ ಸೈರಾಬಾನು ಈಗ ಹಾಸಿಗೆ ಹಿಡಿದಿದ್ದಳು. ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಕಿವಿ ಚುರುಕು. ಸೂಡಿಯ ಸುದ್ದಿ ಮದರಬಿ ಬಸ್ಸಿಳಿಯುವ ಮೊದಲೇ ಅವಳ ಮಂಚದ ತನಕ ಹೋಗಿತ್ತು.

"ನಡುವ ಎದ್ದ ಹ್ವಾದಿ ಅಂತಲ್ಲ?" ಎಂದಳು, ಮದರಬಿ ಮಂಚದ ಹತ್ತಿರ ಬಂದಾಗ.

"ಹೌದ್ರಿ ಖಾಲಾ."

"ಹೊಟ್ಟಿ ಕೆಟ್ಟಿತ್ತೇನ?"

ಮದರಬಿ ಹೌದು ಎನ್ನಬಹುದಿತ್ತು. ಕಲಿಸಿದವಳ ಮುಂದೆ ಸುಳ್ಳಿಗೆ ನಾಲಿಗೆ ಹೊರಳಲಿಲ್ಲ. "ಹೊಟ್ಟಿ ಅಲ್ರಿ. ಒಂದಕ್ಕ. ತಡಕೊಳ್ಳಾಕ ಆಗೂದಿಲ್ರಿ. ಎರಡ ವರ್ಸ ಆತು."

ಸೈರಾಬಾನು ಅವಳ ಕೈ ಹಿಡಿದು, "ನನ್ನ ಗುಸಲ್ ನಿನ್ನ ಕೈಲೆ ಆಗಬೇಕು, ಬೇಟಿ. ಬ್ಯಾರೆ ಯಾರ ಕೈನೂ ಬ್ಯಾಡ ನನಗ" ಎಂದಳು. ಹಲ್ಲಿಲ್ಲದ ಬಾಯಲ್ಲಿ ನಕ್ಕಳು. "ನನ್ನ ಸರತಿಗೂ ಎದ್ದ ಓಡಿದಿ ಅಂದ್ರ ನಾನೂ ಎದ್ದ ಬರ್ತೀನಿ ನೋಡು, ನಿನ್ನ ಬೆನ್ನ ಹತ್ತಿ."

ಮದರಬಿ ನಕ್ಕಳು. ಮನೆಗೆ ಬಂದು ಬಚ್ಚಲಿನ ಬಾಗಿಲು ಹಾಕಿಕೊಂಡು ಅತ್ತಳು.

ಈ ಕಷ್ಟವನ್ನು ಅವಳು ಅಲ್ಲಿಯ ತನಕ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ. ಮದುವೆ ಮನೆಗಳಲ್ಲಿ ಬಾಗಿಲ ಹತ್ತಿರವೇ ಕೂರುತ್ತಿದ್ದಳು. ನಮಾಜಿನ ನಡುವೆ ವಜೂ ಮುರಿದು ಮತ್ತೆ ಮತ್ತೆ ನಳದ ಹತ್ತಿರ ಹೋಗುವುದನ್ನು ಕಂಡು ಸೊಸೆ ಫರ್ಜಾನಾ ಒಮ್ಮೆ ಹುಬ್ಬು ಗಂಟಿಕ್ಕಿದ್ದಳು, ಕೇಳಿರಲಿಲ್ಲ. ಕೇಳದೆಯೇ ಕಂಡುಹಿಡಿದವಳು ಸಿದ್ದಲಿಂಗವ್ವ. ಓಣಿಯ ತುದಿಯಲ್ಲಿ ಖಾರ ಕುಟ್ಟುವ ಮಿಷಿನ್ ಇಟ್ಟುಕೊಂಡಿರುವ ಈ ಹೆಂಗಸಿಗೆ ಮಿಷಿನ್ ಸದ್ದಿನಲ್ಲೇ ಮಾತಾಡಿ ರೂಢಿ. ಗುಟ್ಟಿನ ಮಾತನ್ನೂ ಅರ್ಧ ಓಣಿಗೆ ಕೇಳುವ ಹಾಗೆ ಹೇಳುತ್ತಾಳೆ.

"ಅಕ್ಕಾರ, ನೀವ ನನ್ನ ಮಿಷಿನ್‌ಗೆ ಬಂದ್ರ ಮೊದ್ಲ ಬಚ್ಚಲ ಎಲ್ಲಿ ಐತಿ ಅಂತ ನೋಡ್ತೀರಿ. ಆಮ್ಯಾಲ ನನ್ನ ಮಾರಿ ನೋಡ್ತೀರಿ. ನನಗ ಗೊತ್ತಿಲ್ಲೇನು?"

"ಸಾವಕಾಶ ಅನ್ನ, ತಂಗಿ. ಮಂದಿ ಅದಾರ."

"ಮಂದಿಗೆ ಇಲ್ಲೇನ್ರಿ ಅದು? ನಾ ತವರಮನಿ ಬೆಳವಣಕಿಗೆ ಹೋಗೂದ ಬಿಟ್ಟಿದ್ದೆ. ಬಸ್ಸ ನಿಂದರಸ್ರಿ ಅಂತ ಕಂಡಕ್ಟರ್‌ಗೆ ಎಷ್ಟ ಸಲ ಕೈ ಮುಗೀಲಿ? ಅಂವಾ ನನ್ನ ಕಂಡಕೂಡ್ಲೆ ಡ್ರೈವರ್‌ಗೆ ಹೇಳ್ತಿದ್ದ, ಇವತ್ತ ಲೇಟ್ ಆಗ್ತದಪಾ ಅಂತ." ಅವಳು ಸೆರಗಿನಿಂದ ಮುಖದ ಮೇಲಿನ ಖಾರದ ಪುಡಿ ಒರೆಸಿಕೊಂಡಳು. "ಈಗ ಅರಾಮ ಹೋಗಿ ಬರ್ತೀನಿ. ರೋಣಕ್ಕ ನರಗುಂದದ ಡಾಕ್ಟರವ್ವ ಬರ್ತಾಳ, ಗುರುವಾರಕ್ಕೊಮ್ಮೆ. ಕಾಲಿಗೆ ಸೂಜಿ ಚುಚ್ಚತಾಳ."

"ಕಾಲಿಗ್ಯಾಕ?"

"ಅದ ನನಗೂ ತಿಳಿಲಿಲ್ರಿ ಅಕ್ಕಾರ. ಕಡಿಮಿ ಆಗಿದ್ದ ಮಾತ್ರ ಖರೇ."

ಗಂಡನಿಗೆ ಮೊಣಕಾಲು ನೋವೆಂದು ಹೇಳಿ ಮದರಬಿ ರೋಣದ ಬಸ್ಸು ಹತ್ತಿದಳು. ಡಾಕ್ಟರ್ ಐಶ್ವರ್ಯಾ ಅವಳು ಅಂದುಕೊಂಡಿದ್ದಕ್ಕಿಂತ ಸಣ್ಣ ವಯಸ್ಸಿನವಳು, ಊರ ಕಡೆಯ ಮಾತನ್ನೇ ಆಡುವವಳು. ಮೂತ್ರದ ಪರೀಕ್ಷೆ ಮಾಡಿಸಿದಳು, ಸಕ್ಕರೆ ಕಾಯಿಲೆ ಇದೆಯೇ ನೋಡಿದಳು, ಹೊಟ್ಟೆಯ ಸ್ಕ್ಯಾನ್ ತೆಗೆಸಿದಳು. ಸೋಂಕಿಲ್ಲ, ಸಕ್ಕರೆ ಇಲ್ಲ, ಗಡ್ಡೆ ಇಲ್ಲ.

"ಮೂತ್ರದ ಚೀಲ ಗಟ್ಟಿಮುಟ್ಟ ಅದ್ರಿ ಅಮ್ಮಾರ. ಸುದ್ದಿ ತಪ್ಪ ಕಳಸಾಕತ್ತೇತಿ. ಅರ್ಧನೂ ತುಂಬಿರೂದಿಲ್ಲ, ತುಂಬಿ ಚೆಲ್ತದ ಅಂತ ಒದರ್ತದ. ಒದರಿದ ಕೂಡ್ಲೆ ನೀವು ಓಡ್ತೀರಿ. ಮತ್ತ ನೀರ ಕುಡಿಯೂದ ಬಿಟ್ಟೀರಿ, ಹೌದಿಲ್ಲೋ?"

"ಹೌದ್ರಿ."

"ನೀರ ಕಡಿಮಿ ಆದ್ರ ಮೂತ್ರ ಖಾರ ಆಗ್ತದ. ಚೀಲ ಇನ್ನೂ ಉರೀತದ, ಇನ್ನೂ ಒದರ್ತದ."

ಮೊದಲು ಗುಳಿಗೆ ಕೊಟ್ಟಳು. ಗುಳಿಗೆ ಒತ್ತಡವನ್ನು ಸ್ವಲ್ಪ ಇಳಿಸಿತು, ಆದರೆ ಬಾಯಿ ಒಣಗಿ ಹಂಚಾಯಿತು. ಲಂಗ ಹೊಲಿಯುವವಳಿಗೆ ಒಣ ಬಾಯಿಯಿಂದ ಅಂಥ ತೊಂದರೆಯಿಲ್ಲ. ಮಯ್ಯತ್‌ನ ಪಕ್ಕದಲ್ಲಿ ನಿಂತು ದುವಾ ಓದುವವಳಿಗೆ ಇದೆ. ಮುಂದಿನ ಭೇಟಿಯಲ್ಲಿ ಮದರಬಿ ಅದನ್ನೇ ಹೇಳಿದಳು. "ನಾಲಿಗಿ ಅಂಟ್ಕೋತದ್ರಿ. ಕಲ್ಮಾ ಅರ್ಧಕ್ಕ ನಿಲ್ತದ." ಅವಳು ಏನು ಕೆಲಸ ಮಾಡುತ್ತಾಳೆಂದು ಐಶ್ವರ್ಯಾಗೆ ತಿಳಿದದ್ದು ಆಗ. ಕೇಳಿ ಪೆನ್ನು ಕೆಳಗಿಟ್ಟಳು. ಆಮೇಲೆ ಸೂಜಿಯ ಮಾತೆತ್ತಿದಳು. ವಾರಕ್ಕೊಮ್ಮೆ ಅರ್ಧ ತಾಸು, ಹನ್ನೆರಡು ವಾರ. ಎಲ್ಲರಿಗೂ ಗುಣವಾಗುತ್ತದೆಂದು ಹೇಳಲಾರೆ, ಬಹಳ ಮಂದಿಗೆ ಕಡಿಮೆಯಾಗುತ್ತದೆ, ನಡುವೆ ಬಿಡಬಾರದು ಎಂದಳು.

ಚಳಿ ಇನ್ನೂ ಇದ್ದ ಒಂದು ಗುರುವಾರ. ಮದರಬಿಯನ್ನು ಮಂಚದ ಮೇಲೆ ಒರಗಿಸಿ ಕೂರಿಸಿ, ಎಡಗಾಲಿನ ಚೈನು ತೆಗೆಸಿ, ಪಾದದ ಒಳಗಂಟಿನಿಂದ ಮೇಲಕ್ಕೆ ಬೆರಳಗಲಗಳನ್ನು ಇಟ್ಟು ಅಳೆದು ಡಾಕ್ಟರು ಒಂದು ಜಾಗ ಹಿಡಿದಳು. ಕೂದಲಿನಷ್ಟು ಸಣ್ಣ ಸೂಜಿ. ಚುಚ್ಚಿದ್ದು ಇರುವೆ ಕಚ್ಚಿದಷ್ಟೂ ಆಗಲಿಲ್ಲ. ಅಂಗಾಲಿಗೆ ಒಂದು ಪಟ್ಟಿ ಅಂಟಿಸಿ, ಸೂಜಿಗೂ ಪಟ್ಟಿಗೂ ತೆಳ್ಳನೆಯ ತಂತಿ ಸಿಕ್ಕಿಸಿದಳು. ತಂತಿಯ ಇನ್ನೊಂದು ತುದಿಯಲ್ಲಿ ಮೊಬೈಲಿಗಿಂತ ತುಸು ದೊಡ್ಡ ಡಬ್ಬಿ. ಡಬ್ಬಿಯ ಗುಂಡಿಯನ್ನು ಸಾವಕಾಶ ತಿರುಗಿಸುತ್ತ ಹೋದಳು.

ಮೊದಲು ಏನೂ ಇಲ್ಲ. ಆಮೇಲೆ ಅಂಗಾಲಿನಲ್ಲಿ ಜುಮುಜುಮು. ಅದರ ಬೆನ್ನಿಗೇ ಅವಳ ಎಡಗಾಲ ಹೆಬ್ಬೆರಳು, ಯಾರೋ ದಾರ ಕಟ್ಟಿ ಎಳೆದ ಹಾಗೆ, ಕೆಳಗೆ ಬಾಗಿತು.

ಮದರಬಿ ಕಾಲು ಎಳೆದುಕೊಳ್ಳಲಿಲ್ಲ. ಉಸಿರು ಹಿಡಿದು ನೋಡಿದಳು.

"ಯಾರ ಬಗ್ಗಿಸಿದ್ರಿ ಅದನ್ನ?"

"ಯಾರೂ ಇಲ್ರಿ. ನಿಮ್ಮ ನರಾನ ಬಗ್ಗಿಸ್ತು. ಬೆರಳ ಬಗ್ಗಿತು ಅಂದ್ರ ಸೂಜಿ ಸರಿ ಜಾಗಾಕ್ಕ ಕುಂತದ ಅಂತ."

"ನಾ ಬಗ್ಗಸಲಿಲ್ರಿ, ಡಾಕ್ಟರವ್ವ."

"ಗೊತ್ತದ್ರಿ."

ಹೆಬ್ಬೆರಳು ಮತ್ತೆ ಬಾಗಿತು. ಮದರಬಿಯ ಬಾಯಿಂದ ತಾನಾಗಿ "ಸುಭಾನಲ್ಲಾ" ಎಂದು ಬಂತು. ಆ ಸಣ್ಣ ಕೋಣೆಯಲ್ಲಿ ಅವಳಿಗೆ ಏನು ಕಂಡಿತೆಂಬುದು ಆ ಡಾಕ್ಟರಿಗೆ ಗೊತ್ತಾಗುವಂತಿರಲಿಲ್ಲ. ಮಯ್ಯತ್‌ನ ಎರಡೂ ಕಾಲಿನ ಹೆಬ್ಬೆರಳುಗಳನ್ನು ಬಟ್ಟೆಯ ಪಟ್ಟಿಯಿಂದ ಜೋಡಿಸಿ ಕಟ್ಟಿರುತ್ತಾರೆ, ಕಾಲು ಅಗಲವಾಗಬಾರದೆಂದು. ಸ್ನಾನಕ್ಕೆ ಮೊದಲು ಆ ಗಂಟು ಬಿಚ್ಚುವುದು ಅವಳ ಕೆಲಸ. ಎಷ್ಟೋ ವರ್ಷಗಳಿಂದ ಅವಳು ಬಿಚ್ಚುತ್ತ ಬಂದಿದ್ದಾಳೆ. ಬಿಚ್ಚಿದ ಮೇಲೂ ಆ ಬೆರಳುಗಳು ಹಾಗೇ ಇರುತ್ತವೆ. ಮುದುಕಿಯರ ಬೆರಳು, ಬಾಣಂತಿಯ ಬೆರಳು, ಒಮ್ಮೆ ಮೆಹಂದಿಯ ಬಣ್ಣ ಇನ್ನೂ ಹೋಗದ ಹುಡುಗಿಯ ಬೆರಳು. ಜೀವ ಎಂದರೇನು ಎಂದು ಯಾರಾದರೂ ಕೇಳಿದ್ದರೆ ಆ ತನಕ ಅವಳು ಉಸಿರು ಎನ್ನುತ್ತಿದ್ದಳು. ಇದೀಗ ಅವಳ ಕಾಲಿನ ತುದಿಯಲ್ಲಿ, ಅವಳ ಅಪ್ಪಣೆಯನ್ನೂ ಕೇಳದೆ, ಅದು ಬಾಗಿ ಏಳುತ್ತಿತ್ತು.

"ಕಾಲಿಗೂ ಅದಕ್ಕೂ ಏನ್ ಸಂಬಂಧ್ರಿ?" ಎಂದು ಕೇಳಿದಳು.

ಐಶ್ವರ್ಯಾ ತನ್ನ ಟೊಂಕದ ಕೆಳಗೆ ಕೈ ಇಟ್ಟು ತೋರಿಸಿದಳು. "ಈ ಕಾಲಿನ ನರ ಮ್ಯಾಲ ಹೋಗಿ ಇಲ್ಲಿ ಬೆನ್ನಹುರಿಗೆ ಸೇರ್ತದ. ಮೂತ್ರದ ಚೀಲದ ನರಾನೂ ಇಲ್ಲೇ ಬಂದ ಸೇರ್ತದ. ಇಬ್ರೂ ಒಂದ ವಾಡೇದಾಗ ಇದ್ದಂಗ. ನಾವು ಈಕಿ ಬಾಗ್ಲಕ್ಕ ಬಂದು ಸಾವಕಾಶ ಮಾತಾಡ್ತೀವಿ. ಕೇಳಕೋತ ಕೇಳಕೋತ ಬಾಜೂ ಮನಿಯಾಕಿ ಒದರೂದು ಕಡಿಮಿ ಮಾಡ್ತಾಳ."

"ಹ್ಯಾಂಗ್ರಿ?"

ಡಾಕ್ಟರು ನಕ್ಕಳು. "ಪೂರಾ ಹ್ಯಾಂಗ ಅಂಬೂದು ನಮಗೂ ಇನ್ನೂ ತಿಳಿದಿಲ್ರಿ, ಅಮ್ಮಾರ. ದಾರಿ ಗೊತ್ತದ. ಒಳಗ ಏನ ಮಾತುಕತಿ ಆಗ್ತದ ಅಂತ ಇನ್ನೂ ಹುಡುಕಾಕತ್ತಾರ."

ತಿಳಿದಿಲ್ಲ ಎಂದ ಮಾತು ಮದರಬಿಗೆ ಹೆದರಿಕೆ ಹುಟ್ಟಿಸಲಿಲ್ಲ. ಆ ಮಾತಿನಿಂದಲೇ ಅವಳಿಗೆ ಡಾಕ್ಟರ ಮೇಲೆ ನಂಬಿಕೆ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಎಲ್ಲರ ಕಾಲು ನೋಡಿದಳು. ಒಡೆದ ಹಿಮ್ಮಡದ ಕಾಲು, ಕಡಲೆ ಹೊಲದ ಕರಿಮಣ್ಣು ಮೆತ್ತಿದ ಕಾಲು, ಕಾಲೇಜು ಹುಡುಗಿಯರ ಬೂಟಿನೊಳಗಿನ ಕಾಲು. ಎಲ್ಲರ ಪಾದದ ಒಳಗಂಟಿನ ಹತ್ತಿರವೂ ಆ ನರದ ದಾರ ಇತ್ತು, ಯಾರಿಗೂ ಗೊತ್ತಿರಲಿಲ್ಲ. ಗಜೇಂದ್ರಗಡ ಹತ್ತಿರವಾಗುತ್ತಿದ್ದಂತೆ ಗುಡ್ಡದ ಸಾಲಿನ ಮೇಲೆ ಗಾಳಿಯ ಫ್ಯಾನುಗಳು ಕಂಡವು. ದಿನಾ ಕಂಡವೇ. ಇಲ್ಲಿ ತಿರುಗಿದರೆ ಎಲ್ಲೋ ಯಾರ ಮನೆಯಲ್ಲೋ ದೀಪ ಹತ್ತುತ್ತದೆ ಎಂದು ಮಗ ಹಿಂದೊಮ್ಮೆ ಹೇಳಿದ್ದ. ಆಗ ಕಿವಿಗೆ ಬಿದ್ದಿದ್ದ ಮಾತು ಈಗ ತಲೆಗೆ ಹೋಯಿತು.

ಮೆಹಬೂಬಸುಭಾನಿ ಬಸ್‌ಸ್ಟ್ಯಾಂಡಿಗೆ ಟಿವಿಎಸ್ ತಂದಿದ್ದ. "ಮೊಣಕಾಲ ಹ್ಯಾಂಗದ?" ಎಂದ.

"ಚಲೋ ಅದ" ಎಂದಳು.

ಮೊದಲ ವಾರಗಳಲ್ಲಿ ಏನೂ ಆಗಲಿಲ್ಲ. ಹೆಬ್ಬೆರಳು ಪ್ರತಿ ಗುರುವಾರ ಬಾಗುತ್ತಿತ್ತು, ಒತ್ತಡ ಹಾಗೇ ಇತ್ತು. ಆಮೇಲೆ ಒಂದು ದಿನ ಲಂಗಕ್ಕೆ ಲಾಡಿ ಪೋಣಿಸುತ್ತ ಕುಳಿತವಳಿಗೆ ಬಹಳ ಹೊತ್ತಿನಿಂದ ಎದ್ದಿಲ್ಲವೆಂದು ಹೊಳೆಯಿತು. ಇನ್ನೊಂದು ದಿನ ಒತ್ತಡ ಬಂದು, ಬಾಗಿಲ ತನಕ ಹೋಗುವಷ್ಟರಲ್ಲಿ ಅದೇ ಇಳಿದುಹೋಯಿತು. ಒತ್ತಡ ಬಂದಾಗ ಓಡಬೇಡಿ, ನಿಂತಲ್ಲೇ ನಿಂತು ಕಾಲ್ಬೆರಳನ್ನು ನೆಲಕ್ಕೆ ಒತ್ತಿ ಹಿಡಿಯಿರಿ, ಅದು ದಾಟಿಹೋಗುತ್ತದೆ ಎಂದು ಡಾಕ್ಟರು ಕಲಿಸಿದ್ದಳು. ದಾಟಿಹೋಗುತ್ತಿತ್ತು.

ಅಷ್ಟರಲ್ಲಿ ರಂಜಾನ್ ಬಂತು.

ಮೊದಲ ರೋಜಾದ ದಿನ ಮದರಬಿ ಒಂದೇ ವಜೂದಲ್ಲಿ ಮಧ್ಯಾಹ್ನದ ನಮಾಜಿನಿಂದ ಇಫ್ತಾರಿನ ತನಕ ಇದ್ದಳು. ಎರಡನೆಯ ದಿನವೂ ಹಾಗೇ. ಗುಣವಾಯಿತು ಎಂದುಕೊಂಡಳು. ಹಗಲೆಲ್ಲ ಹನಿ ನೀರು ಕುಡಿಯದ ಮೈಯಲ್ಲಿ ಒತ್ತಡಕ್ಕೆ ಏನು ಉಳಿದಿರುತ್ತದೆ ಎಂಬುದನ್ನು ಯೋಚಿಸಲಿಲ್ಲ. ಸೂಜಿ ಚುಚ್ಚಿಸಿಕೊಂಡರೆ ರೋಜಾ ಮುರಿಯುತ್ತದೆಯೋ ಏನೋ ಎಂಬ ಸಂಶಯವೂ ಜೊತೆಗಿತ್ತು. ಮಸೀದಿಯ ಹಜರತರನ್ನು ಕೇಳಿಸಬಹುದಿತ್ತು. ಕೇಳಿಸಿದರೆ ಸೂಜಿ ಯಾತಕ್ಕೆ ಎಂಬ ಪ್ರಶ್ನೆ ಬರುತ್ತದೆ. ಆ ಪ್ರಶ್ನೆಗಿಂತ ಗುಣವಾಗಿದೆ ಎಂದು ನಂಬುವುದು ಸುಲಭವಾಗಿತ್ತು. ಗುರುವಾರಗಳು ಒಂದರ ಹಿಂದೆ ಒಂದು ಹೋದವು. ದವಾಖಾನೆಯಿಂದ ಫೋನು ಬಂದರೆ ಎತ್ತಲಿಲ್ಲ.

ಸೈರಾಬಾನುವಿನ ಮಂಚದ ಹತ್ತಿರ ಹೋಗಿ, "ಖಾಲಾ, ಗುಣ ಆತು" ಎಂದು ಹೇಳಿಯೂ ಬಂದಳು.

"ಅಲ್ಹಮ್ದುಲಿಲ್ಲಾ" ಎಂದಳು ಮುದುಕಿ. "ಇನ್ನ ನಾ ಹೋದ್ರೂ ನಡೀತದ."

ಹಬ್ಬ ಮುಗಿಯಿತು. ಶೀರ್‌ಖುರ್ಮಾ, ಚಹಾ, ಶರಬತ್ತು, ಬಂದವರ ಜೊತೆ ಮತ್ತೆ ಚಹಾ. ಮೂರನೆಯ ದಿನ ಸಿದ್ದಲಿಂಗವ್ವನ ಮಿಷಿನ್ ಎದುರು ಮೆಣಸಿನಕಾಯಿ ಡಬ್ಬಿ ಹಿಡಿದು ನಿಂತಿದ್ದಾಗ ಅದು ಬಂತು, ಮೊದಲಿನಷ್ಟೇ ಜೋರಾಗಿ. ಈ ಸಲ ಬಚ್ಚಲ ತನಕವೂ ಹೋಗಲಾಗಲಿಲ್ಲ. ಸಿದ್ದಲಿಂಗವ್ವ ಮಿಷಿನ್ ಬಂದ್ ಮಾಡಲಿಲ್ಲ. ಸದ್ದು ಇರಲಿ ಎಂದು ಹಾಗೇ ಬಿಟ್ಟು, ಸುಮ್ಮನೆ ಒಳಗೆ ಕರೆದೊಯ್ದು ತನ್ನದೊಂದು ಸೀರೆ ಕೊಟ್ಟಳು. ಜೀವಮಾನದಲ್ಲಿ ಮೊದಲ ಬಾರಿಗೆ ಅವಳು ಮೆಲ್ಲಗೆ ಮಾತಾಡಿದ್ದನ್ನು ಮದರಬಿ ಕೇಳಿದ್ದು ಅಂದು.

"ನಡುವ ಬಿಟ್ರೇನ್ರಿ ಅಕ್ಕಾರ?"

ಅದೇ ವಾರ ಮುಶಿಗೇರಿಯಿಂದ ಕರೆ ಬಂತು. ಮದರಬಿ ಹೋದಳು, ಆದರೆ ತಂಬಿಗೆ ಮುಟ್ಟಲಿಲ್ಲ. ಹೊಸಿಲ ಹೊರಗೆ ಕುಳಿತು, ಒಳಗೆ ಕೆಲಸ ಮಾಡುವವರಿಗೆ ಮುಂದೇನು ಎಂದು ಹೇಳುತ್ತಿದ್ದಳು. ಮನೆಗೆ ಬಂದವಳು ಗಂಡನ ಮುಂದೆ ಕುಳಿತು ಎಲ್ಲ ಹೇಳಿಬಿಟ್ಟಳು. ಮೊಣಕಾಲು ಮೊಣಕಾಲಲ್ಲವೆಂದೂ ಹೇಳಿದಳು.

ಮೆಹಬೂಬಸುಭಾನಿ ಕೈಯಲ್ಲಿದ್ದ ಕುಕ್ಕರಿನ ಮುಚ್ಚಳವನ್ನು ತಿರುಗಿಸುತ್ತ ಕೇಳಿದ. ಸಿಟ್ಟಾಗಲಿಲ್ಲ. ಅವನಿಗೆ ಅರ್ಥವಾಗದ್ದು ಬೇರೆಯೇ.

"ಅಲ್ಲ, ವಾಶರ್ ಹೋದ್ರ ನಾವು ವಾಶರ್ ನೋಡ್ತೀವಿ. ಇವ್ರು ಹಿಡಿಕಿಗೆ ಕರೆಂಟ್ ಕೊಟ್ಟು ವಾಶರ್ ಕೂಡಸ್ತಾರ?"

"ಹಂಗ ಅನ್ರಿ."

"ಇಷ್ಟ ವರ್ಸ ಕುಕ್ಕರ್ ಬಿಚ್ಚಿದೆ, ಇಂಥಾದ್ದ ಕೇಳಿಲ್ಲ." ಅವನು ಮುಚ್ಚಳ ಕೆಳಗಿಟ್ಟ. "ಓಣಿ ಮಂದಿಗೆಲ್ಲಾ ನಿನ್ನ ಮೊಣಕಾಲಿನ ಸುದ್ದಿ ಹೇಳೀನಲ್ಲ, ಮಾರಾಯ್ತಿ. ಔಷಧ ಕೊಡೂ ಶಿವನಪ್ಪನ ಹತ್ರ ಎಣ್ಣಿನೂ ತಂದಿಟ್ಟೀನಿ."

ಮರುದಿನ ನಮಾಜು ಮುಗಿಸಿ ಅವನೇ ಹಜರತರನ್ನು ಕೇಳಿ ಬಂದ. ಹೆಂಡತಿಯ ಕಾಲಿಗೆ ದವಾಖಾನೆಯ ಸೂಜಿ, ಅಷ್ಟೇ ಹೇಳಿದ್ದ. ಹೊಟ್ಟೆಗೆ ಆಹಾರವಾಗದ ಸೂಜಿಯಿಂದ ರೋಜಾ ಮುರಿಯುವುದಿಲ್ಲ, ಹಬ್ಬ ಮುಗಿದ ಮೇಲೆ ಯಾಕೆ ಕೇಳುತ್ತೀ, ಮೊದಲೇ ಕೇಳಬಾರದಿತ್ತೇ ಎಂದು ಅವರು ಗದರಿದರಂತೆ.

ಗುರುವಾರ ರೋಣಕ್ಕೆ ಗಂಡನೂ ಬಂದ. ಐಶ್ವರ್ಯಾ ಬಯ್ಯಲಿಲ್ಲ. ಉಪವಾಸದ ವಿಷಯ ತಾನೇ ಮೊದಲು ಕೇಳಬೇಕಿತ್ತು ಎಂದಳು. "ನೀರ ಕುಡಿಯಲಾರದ ದಿನ ನೋಡಿ ಗುಣ ಆತು ಅಂದ್ರ ಹ್ಯಾಂಗ್ರಿ? ನೀರ ಕುಡದು ಇದ್ದ ತೋರಸ್ರಿ ನನಗ." ಮತ್ತೆ ಮೊದಲಿನಿಂದ ಶುರುವಾಯಿತು. ಮೆಹಬೂಬಸುಭಾನಿ ಹೆಂಡತಿಯ ಹೆಬ್ಬೆರಳು ಬಾಗುವುದನ್ನು ಕಂಡು ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಮುಂದೆ ಬಂದು, ಬಗ್ಗಿ, ಬಹಳ ಹೊತ್ತು ನೋಡುತ್ತ ನಿಂತ. ಅಂದಿನಿಂದ ಅವನು ಹಿಡಿಕೆಯ ಮಾತು ಆಡಲಿಲ್ಲ.

ಬೇಸಿಗೆ ಕಳೆಯಿತು. ಮದರಬಿ ನೀರು ಕುಡಿಯುತ್ತಿದ್ದಳು, ಗುರುವಾರ ತಪ್ಪಿಸುತ್ತಿರಲಿಲ್ಲ. ಸಣ್ಣ ಸಾಲಿನ ಹೊಲಿಗೆಯ ಹಾಗೆ ದಿನಗಳು ಹಿಡಿತಕ್ಕೆ ಬಂದವು. ಪೂರ್ತಿ ಹೋಯಿತೆಂದು ಅವಳು ಈಗ ಯಾರಿಗೂ ಹೇಳಲಿಲ್ಲ. ಸೈರಾಬಾನುವಿಗೂ. ಆ ಮನೆಯ ಮುಂದೆ ಹೋದಾಗಲೆಲ್ಲ ಒಂದೇ ಪ್ರಶ್ನೆ ಅವಳ ಜೊತೆ ಒಳಗೆ ಬರುತ್ತಿತ್ತು: ಆ ದಿನ ಬಂದಾಗ ನಿಲ್ಲಬಲ್ಲೆನೇ?

ಮುಂಗಾರಿನ ಹೆಸರು ಬಿತ್ತಿ ಮುಗಿದ ಹೊತ್ತು. ಒಂದು ಮಧ್ಯಾಹ್ನ ಫರ್ಜಾನಾ ತಲೆಯ ಮೇಲೆ ದುಪ್ಪಟ್ಟಾ ಎಳೆದುಕೊಳ್ಳುತ್ತ ಒಳಗೆ ಬಂದಳು. ಅತ್ತೆಯ ಮುಖ ನೋಡಿ, "ಅಮ್ಮಾ, ಸೈರಾ ಖಾಲಾ..." ಎಂದು ನಿಲ್ಲಿಸಿದಳು.

ಮದರಬಿ ಮಿಷಿನ್ನಿಗೆ ಬಟ್ಟೆ ಮುಚ್ಚಿದಳು. ವಜೂ ಮಾಡಿದಳು. ಕೊಡದಿಂದ ಒಂದು ಲೋಟ ನೀರು ತೆಗೆದುಕೊಂಡು, ಫರ್ಜಾನಾ ಬೆರಗಾಗಿ ನೋಡುತ್ತಿದ್ದಂತೆ, ನಿಧಾನವಾಗಿ ಕುಡಿದಳು.

ಸೈರಾಬಾನುವಿನ ಮನೆಯ ಹಿತ್ತಲಲ್ಲಿ ಸೀರೆಗಳ ಮರೆ ಆಗಲೇ ಎದ್ದಿತ್ತು. ಹೊರಗೆ ಹೆಂಗಸರು ತುಂಬಿದ್ದರು. ಸೂಡಿಯವರೂ ಇದ್ದರು. ಮದರಬಿ ಮರೆಯ ಒಳಗೆ ಬಂದಳು. ನಾಜಮೀನ ಎಂಬ ಓಣಿಯ ಹೆಂಗಸು ಹಂಡೆಯ ಹತ್ತಿರ ನಿಂತಿದ್ದವಳು ಮೆಲ್ಲಗೆ ಕೇಳಿದಳು. "ಆಪಾ, ನಾ ತಂಬಿಗಿ ಹಿಡೀಲೇನು? ನೀವು ಬಾಜೂಕ ಇರ್ರಿ."

"ನಾ ಹಿಡೀತೀನಿ" ಎಂದಳು ಮದರಬಿ.

ಮೊಣಕೈ ಅದ್ದಿ ನೀರಿನ ಬಿಸಿ ನೋಡಿದಳು. ಕಾಲ ಹೆಬ್ಬೆರಳಿನ ಗಂಟು ಬಿಚ್ಚಿದಳು. ಬೆರಳುಗಳು ಹಾಗೇ ಜೋಡಿಯಾಗಿ ಉಳಿದವು. ಹೊದಿಕೆ ಸರಿಯದಂತೆ ಫರ್ಜಾನಾ ಒಂದು ಅಂಚು, ನಾಜಮೀನ ಇನ್ನೊಂದು ಅಂಚು ಹಿಡಿದರು. ಬೆನ್ನಿಗೆ ಕೈಕೊಟ್ಟು ಖಾಲಾಳನ್ನು ಅರ್ಧ ಎಬ್ಬಿಸಿದಾಗ ಅವಳು ಎಷ್ಟು ಹಗುರವಾಗಿದ್ದಾಳೆಂದು ತಿಳಿಯಿತು. ಕೈಗೆ ಬಟ್ಟೆ ಸುತ್ತಿಕೊಂಡು, ಹೊಟ್ಟೆಯನ್ನು ಮೇಲಿನಿಂದ ಕೆಳಗೆ, ಕೂಸಿನ ಹೊಟ್ಟೆ ಒತ್ತುವ ಹಾಗೆ ಒತ್ತಿದಳು. ಕಿಬ್ಬೊಟ್ಟೆಯ ಆ ಜಾಗಕ್ಕೆ ಕೈ ಬಂದಾಗ ಅರೆಗಳಿಗೆ ನಿಂತಳು. ಇಷ್ಟು ವರ್ಷ ಅವಳ ಕೈ ಈ ಜಾಗವನ್ನು ದಾಟಿಹೋಗುತ್ತಿತ್ತು. ಒಳಗೆ ಹೀಗೊಂದು ಚೀಲ ಇದೆ, ಅದು ಜೀವವಿರುವ ತನಕ ಸುದ್ದಿ ಕಳಿಸುತ್ತಲೇ ಇರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಈಗ ಸುದ್ದಿ ನಿಂತಿತ್ತು.

ವಜೂ ಮಾಡಿಸಿ, ತಲೆ ತೊಳೆದು, ಬಲಮಗ್ಗುಲು ಮುಗಿಸಿ ಎಡಕ್ಕೆ ತಂಬಿಗೆ ಎತ್ತಿದಳು. ಅಲ್ಲೇ ಬಂತು.

ಸೂಡಿಯಲ್ಲಿ ಬಂದ ಜಾಗದಲ್ಲೇ. ಕಿಬ್ಬೊಟ್ಟೆ ಹಿಂಡಿತು. ಮರೆಯ ಆಚೆ ಯಾರೋ ಕೆಮ್ಮಿದರು. ನಾಜಮೀನಳ ಕಣ್ಣು ತಂಬಿಗೆಯ ಮೇಲೆಯೇ ಇತ್ತು. ಮದರಬಿ ತಂಬಿಗೆ ಇಳಿಸಲಿಲ್ಲ. ಎಡಗಾಲ ಹೆಬ್ಬೆರಳನ್ನು ಒದ್ದೆ ಕಲ್ಲಿಗೆ ಒತ್ತಿ ಹಿಡಿದಳು. ಉಸಿರು ಬಿಟ್ಟಳು. ಅವಳಿಗೆ ಆ ದಾರ ಕಂಡಂತಾಯಿತು. ಕಲ್ಲಿನಿಂದ ಬೆರಳಿಗೆ, ಬೆರಳಿನಿಂದ ಹಿಮ್ಮಡಕ್ಕೆ, ಅಲ್ಲಿಂದ ತೊಡೆಯ ಹಿಂದೆ ಹಾದು ಟೊಂಕದ ತನಕ. ಆ ವಾಡೆಯಲ್ಲಿ ಒಬ್ಬಳು ಒದರುತ್ತಿದ್ದಳು, ಇನ್ನೊಬ್ಬಳು ಸಾವಕಾಶ ಮಾತಾಡುತ್ತಿದ್ದಳು. ಒದರುವವಳ ದನಿ ಇಳಿಯಿತು. ಇನ್ನೂ ಇಳಿಯಿತು. ತಂಬಿಗೆಯ ನೀರು ಹೆಗಲಿನಿಂದ ಸೈರಾಬಾನುವಿನ ಎಡಮಗ್ಗುಲಿನ ಮೇಲೆ ಒಂದೇ ಧಾರೆಯಾಗಿ ಹರಿಯಿತು.

ಕೊನೆಗೆ ಎಡಗಾಲು. ಹಿಮ್ಮಡವನ್ನು ಅಂಗೈಯಲ್ಲಿ ಹಿಡಿದು ತೊಳೆಯುವಾಗ ಮದರಬಿಯ ಕೈಯ ಹೆಬ್ಬೆರಳು ತಾನಾಗಿ ಒಳಗಂಟಿನ ಮೇಲಿನ ಆ ಜಾಗಕ್ಕೆ ಹೋಯಿತು. ಈ ಕಾಲು ಮುಂಜಾನೆಯ ನಮಾಜಿಗೆ ಎದ್ದು ನಿಂತಿತ್ತು, ಎಷ್ಟೋ ಮನೆಗಳ ಹಿತ್ತಲಲ್ಲಿ ಕದಲದೆ ನಿಂತಿತ್ತು. ಇದರೊಳಗೂ ಆ ದಾರ ಇತ್ತು. ಎಂಬತ್ತು ವರ್ಷ ಅದು ಮೇಲೆ ಕೆಳಗೆ ಸುದ್ದಿ ಒಯ್ದಿತ್ತು, ಯಾರ ಕಣ್ಣಿಗೂ ಬೀಳದೆ. ಈ ಮೈಯನ್ನು ಮಾಡಿದವನು ಎಷ್ಟು ನಾಜೂಕಾಗಿ ಎಳೆದಿದ್ದಾನೆ ಎಂದುಕೊಂಡಳು. ಒಂದು ತಂಬಿಗೆ ನೀರು ಹೆಚ್ಚಿಗೆ ಹಾಕಿ ಆ ಜಾಗವನ್ನು ತೊಳೆದಳು.

ಕರ್ಪೂರದ ನೀರು ಹಾಕಿದ್ದಾಯಿತು. ಒರೆಸಿ, ತಲೆಗೂದಲು ಹೆಣೆದು, ಕಫನ್ನಿನ ಬಟ್ಟೆಗಳನ್ನು ಒಂದೊಂದಾಗಿ ಹೊದಿಸಿ, ಅತ್ತರು ಹಚ್ಚಿ, ಕೊನೆಯ ಸಲ ಮುಖ ನೋಡುವವರು ನೋಡಿದ ಮೇಲೆ ಮದರಬಿ ತನ್ನ ಕೈಯಿಂದಲೇ ಮುಖದ ಮೇಲೆ ಬಟ್ಟೆ ಎಳೆದಳು. ಖಾಲಾ ಎದ್ದು ಬರಲಿಲ್ಲ.

ಮರೆಯ ಹೊರಗೆ ಬಂದಾಗ ಹೆಂಗಸರು ದಾರಿ ಬಿಟ್ಟರು. ಗೋಡೆಗೆ ಒರಗಿ ಕುಳಿತಿದ್ದ ಸೂಡಿಯ ಆ ಮುದುಕಿ ಅವಳ ಒದ್ದೆ ಸೆರಗಿನ ಅಂಚನ್ನು ಒಂದು ಗಳಿಗೆ ಹಿಡಿದು ಬಿಟ್ಟಳು. ಬಾಗಿಲ ಹತ್ತಿರ ಸಿದ್ದಲಿಂಗವ್ವ ನಿಂತಿದ್ದಳು. ಕೂದಲಲ್ಲಿ ಇನ್ನೂ ಖಾರದ ಪುಡಿ.

ಫರ್ಜಾನಾ ಅತ್ತೆಯ ಕಿವಿಯ ಹತ್ತಿರ ಬಗ್ಗಿದಳು. "ಅಮ್ಮಾ, ಬಚ್ಚಲಕ್ಕ ಹೋಗಬೇಕೇನು? ಲಗೂ ಬರ್ರಿ, ಈ ಕಡೆ ಯಾರೂ ಇಲ್ಲ."

"ಹೋಗೂನು" ಎಂದಳು ಮದರಬಿ. ಕಟ್ಟೆಯ ಮೇಲೆ ಕುಳಿತು, ರವಿಕೆಯ ಮಡಚಿದ್ದ ತೋಳುಗಳನ್ನು ಇಳಿಸಿಕೊಂಡಳು. "ಅವಸರ ಏನದ?"